ಟಾನ್ಸಿಲ್ ಶಸ್ತ್ರಚಿಕಿತ್ಸೆ: ರಕ್ತಸ್ರಾವ ಮತ್ತು ಅದರ ತಡೆ

ಟಾನ್ಸಿಲ್ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುವ ತೊಡಕು ರಕ್ತಸ್ರಾವ. ಟಾನ್ಸಿಲ್‌ಗೆ ಮುಖ್ಯವಾಗಿ ಮುಖದ ಅಪಧಮನಿಯ ಒಂದು ಕವಲಿನಿಂದ ರಕ್ತ ಬರುತ್ತದೆ. ನಾಲಗೆ, ಅಂಗುಳಗಳ ಕಡೆಯಿಂದಲೂ ಸಣ್ಣ ಕವಲುಗಳು ಬಂದು ಸೇರುತ್ತವೆ. ಟಾನ್ಸಿಲ್ ತೆಗೆದ ಗುಳಿಯನ್ನು ಸಾಮಾನ್ಯವಾಗಿ ಹೊಲಿದು ಮುಚ್ಚುವುದಿಲ್ಲ. ಅದು ತೆರೆದ ಗಾಯವಾಗಿಯೇ ಉಳಿದು ಎರಡು ವಾರಗಳಲ್ಲಿ ಮಾಯುತ್ತದೆ.

ತಡೆಯ ಕೆಲಸ ಶಸ್ತ್ರಚಿಕಿತ್ಸೆಗೆ ಮೊದಲೇ ಶುರುವಾಗುತ್ತದೆ. ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ಹೋಗಿತ್ತೇ, ಮನೆತನದಲ್ಲಿ ಹಿಮೋಫಿಲಿಯಾ ಇದೆಯೇ, ಆಸ್ಪಿರಿನ್ ಸೇವನೆ ಇದೆಯೇ ಎಂದು ವೈದ್ಯರು ಕೇಳಿ ತಿಳಿಯುತ್ತಾರೆ. ಟಾನ್ಸಿಲ್ ಬಿಡಿಸಿದ ಕೂಡಲೇ ಗುಳಿಯಲ್ಲಿ ಗಾಜ್ ಉಂಡೆಯಿಟ್ಟು ಕೆಲವು ನಿಮಿಷ ಒತ್ತಿ ಹಿಡಿಯುತ್ತಾರೆ. ಆಮೇಲೂ ಒಸರುವ ರಕ್ತನಾಳವನ್ನು ದಾರದಿಂದ ಕಟ್ಟುತ್ತಾರೆ ಅಥವಾ ಬೈಪೋಲಾರ್ ಕಾಟರಿಯಿಂದ ಸುಡುತ್ತಾರೆ. ಕಾಟರಿಯನ್ನು ಮಿತವಾಗಿ ಬಳಸುವುದೇ ಒಳ್ಳೆಯದು: 2003-04ರಲ್ಲಿ ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ನಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಶಾಖ ಬಳಸುವ ವಿಧಾನಗಳಲ್ಲಿ ಅನಂತರದ ರಕ್ತಸ್ರಾವ ಹೆಚ್ಚೆಂದು ಕಂಡುಬಂತು. ಮುಗಿಸುವ ಮುನ್ನ ಬಾಯಿ ತೆರೆದಿಡುವ ಉಪಕರಣವನ್ನು ಸಡಿಲಿಸಿ ಮತ್ತೊಮ್ಮೆ ನೋಡಬೇಕು, ಏಕೆಂದರೆ ಅದರ ಬಿಗಿತದಲ್ಲಿ ಅದುಮಿಕೊಂಡಿದ್ದ ನಾಳ ಸಡಿಲಿಸಿದಾಗ ಸುರಿಯಬಹುದು. ಕಿರುನಾಲಗೆಯ ಹಿಂದೆ ಅಡಗಿದ ಹೆಪ್ಪನ್ನೂ ಹೀರಿ ತೆಗೆಯಬೇಕು. ಅದು ಜಾರಿ ಶ್ವಾಸನಾಳಕ್ಕೆ ಬಿದ್ದರೆ ಉಸಿರೇ ಕಟ್ಟೀತು.

ಅರಿವಳಿಕೆ ಇಳಿದು ರಕ್ತದೊತ್ತಡ ಏರಿದಾಗ, ಅಥವಾ ಕಟ್ಟಿದ ದಾರ ಜಾರಿದಾಗ, ಮೊದಲ 24 ಗಂಟೆಗಳೊಳಗೆ ರಕ್ತ ಬರಬಹುದು. ಶಸ್ತ್ರಚಿಕಿತ್ಸೆ ಆದದ್ದು ಮಗುವಿಗಾದರೆ ಅದನ್ನು ಮಗ್ಗುಲಾಗಿ ಮಲಗಿಸಿರಬೇಕು. ನಿದ್ದೆಯಲ್ಲಿ ಮಗು ಪದೇ ಪದೇ ನುಂಗುತ್ತಿದ್ದರೆ ಅದು ರಕ್ತವನ್ನೇ ನುಂಗುತ್ತಿರಬಹುದು; ನಾಡಿ ವೇಗವಾದರೆ ತಕ್ಷಣ ನರ್ಸ್‌ಗೆ ಹೇಳಬೇಕು.

5ರಿಂದ 10ನೇ ದಿನದ ನಡುವೆ ಗಾಯದ ಮೇಲಿನ ಬಿಳಿ ಪೊರೆ ಕಳಚುವಾಗ ಆಗುವ ರಕ್ತಸ್ರಾವಕ್ಕೆ ಸೋಂಕೂ ಕಾರಣವಾಗಬಹುದು. ಪೊರೆ ಕೀವಲ್ಲ, ಅದನ್ನು ಕೆರೆಯಬಾರದು. ಅಷ್ಟರಲ್ಲಿ ಮಗು ಮನೆ ಸೇರಿರುತ್ತದೆ. ಬಸವಕಲ್ಯಾಣದ ಪಕ್ಕದ ನಾರಾಯಣಪುರದಂಥ ಊರಿನಿಂದ ಜಿಲ್ಲಾಕೇಂದ್ರ ಬೀದರ್‌ನ ಬ್ರಿಮ್ಸ್ ಬೋಧನಾ ಆಸ್ಪತ್ರೆಗೆ ಸುಮಾರು 80 ಕಿ.ಮೀ. ದೂರ. 15 ಕಿಲೋ ತೂಕದ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 1.1 ಲೀಟರ್ ಮಾತ್ರ. ಆದ್ದರಿಂದ ಕಡಿಮೆ ರಕ್ತ ಬಂದು ತಾನೇ ನಿಂತರೂ ಆಸ್ಪತ್ರೆಗೆ ಒಯ್ಯಲೇಬೇಕು, ಮುಂದೆ ದೊಡ್ಡದಾಗಿ ಸುರಿಯುವ ಸಂಭವವಿರುತ್ತದೆ. ಅಲ್ಲಿ ಹೆಪ್ಪು ತೆಗೆದು, ಒತ್ತಿ ಹಿಡಿದು, ಆಂಟಿಬಯೋಟಿಕ್ ಮತ್ತು ಟ್ರಾನೆಕ್ಸಾಮಿಕ್ ಆಮ್ಲ ಕೊಟ್ಟು ನೋಡುತ್ತಾರೆ. ನಿಲ್ಲದಿದ್ದರೆ ಮತ್ತೆ ಆಪರೇಷನ್ ಕೋಣೆಗೆ ಒಯ್ಯುತ್ತಾರೆ.

ಮನೆಯಲ್ಲಿ ಮಗುವಿಗೆ ನೀರು, ಮಜ್ಜಿಗೆ, ಮೆತ್ತಗಿನ ಅನ್ನ ಧಾರಾಳವಾಗಿ ಕೊಡಬೇಕು. ಗಂಟಲು ಒಣಗಿದರೆ ನೋವು ಹೆಚ್ಚುತ್ತದೆ. ಖಡಕ್ ರೊಟ್ಟಿ, ಖಾರದ ಪುಡಿ ಆ ಎರಡು ವಾರ ಬೇಡ. ರಕ್ತ ಕಂಡರೆ ಮಗುವನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ರಕ್ತ ನುಂಗಲು ಬಿಡದೆ ಉಗುಳಿಸಿ, ಬಾಯಿಗೆ ಏನನ್ನೂ ಕೊಡದೆ 108ಕ್ಕೆ ಕರೆ ಮಾಡಿ.