ಸೈನಿಕನ ಊಟ, ಸೈನಿಕನ ಹಸಿವು

ಮಿಲಿಟರಿಯಿಂದ ನಿವೃತ್ತರಾಗಿ ಬಂದವರು ಊಟ ಮಾಡುವ ರೀತಿ ಮಲೆನಾಡಿನ ಮನೆಗಳಲ್ಲಿ ತಮಾಷೆಯ ವಿಷಯ. ಆಲೂರು ತಾಲ್ಲೂಕಿನ ಮಗ್ಗೆಯ ಕಡೆ ಚಿತ್ರೀಕರಣಕ್ಕೆ ಹೋಗಿದ್ದಾಗ ಗೃಹಿಣಿಯೊಬ್ಬರು ಹೇಳಿದ್ದರು: "ನಾನು ಎರಡನೇ ರೊಟ್ಟಿ ತಟ್ಟೋದ್ರೊಳಗೆ ಇವರ ಊಟ ಮುಗಿದಿರುತ್ತೆ. ಆದ್ರೂ ಡಬ್ಬೀಲಿ ಅಕ್ಕಿ ಎಷ್ಟಿದೆ ಅಂತ ದಿನಾ ಮುಚ್ಚಳ ತೆಗೆದು ನೋಡ್ತಾರೆ." ಎಲ್ಲರೂ ನಕ್ಕರು, ಆ ಹಿರಿಯರು ಮಾತ್ರ ನಗಲಿಲ್ಲ. ಇಂಥದ್ದನ್ನು ಮಿಲಿಟರಿ ಶಿಸ್ತು ಎಂದು ನಾವು ಬಿಟ್ಟುಬಿಡುತ್ತೇವೆ. ಹಾಗೆ ಬಿಡುವ ಮುನ್ನ ಸೈನಿಕರ ಹಸಿವಿನ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡುವುದು ಒಳ್ಳೆಯದು.

ಮೊದಲನೆಯ ಮಹಾಯುದ್ಧದಲ್ಲಿ, ಇಂದಿನ ಇರಾಕಿನ ಟೈಗ್ರಿಸ್ ನದಿಯ ದಂಡೆಯ ಕೂತ್ ಪಟ್ಟಣವನ್ನು ತುರ್ಕಿ ಸೇನೆ 1915ರ ಡಿಸೆಂಬರ್ 7ರಂದು ಮುತ್ತಿತು. ಒಳಗೆ ಸಿಕ್ಕಿಬಿದ್ದದ್ದು ಬ್ರಿಟಿಷರ ಆರನೆಯ ಪೂನಾ ಡಿವಿಷನ್. ಅದರಲ್ಲಿದ್ದ 103, 110 ಮತ್ತು 117ನೆಯ ಮರಾಠಾ ಪಲ್ಟನ್ನುಗಳು ಮುಂದೆ ಬೆಳಗಾವಿಯನ್ನೇ ಕೇಂದ್ರ ಮಾಡಿಕೊಂಡ ಮರಾಠಾ ಲೈಟ್ ಇನ್‌ಫೆಂಟ್ರಿಯ ಪೂರ್ವಜರು. ಮುತ್ತಿಗೆ ಸುಮಾರು ಐದು ತಿಂಗಳು ನಡೆಯಿತು. ಧಾನ್ಯ ಕರಗಿದಂತೆ ಕುದುರೆಗಳನ್ನು ಕೊಯ್ದು ಮಾಂಸ ಹಂಚಿದರು. ಭಾರತೀಯ ಸಿಪಾಯಿಗಳಲ್ಲಿ ಬಹುಪಾಲು ಜನ ಮುಟ್ಟಲಿಲ್ಲ. ಊರಿಗೆ ಹಿಂದಿರುಗಿದಾಗ ಜಾತಿಯಿಂದ ಹೊರಗಾದೇವು ಎಂಬ ಅಂಜಿಕೆ ಸಾವಿನ ಅಂಜಿಕೆಗಿಂತ ದೊಡ್ಡದಾಗಿತ್ತು. ಭಾರತದ ಧಾರ್ಮಿಕ ಮುಖಂಡರಿಂದ ಅನುಮತಿ ತರಿಸಿದರೂ ತಿಂಗಳುಗಟ್ಟಲೆ ಒಲ್ಲೆನೆಂದರು. ಏಪ್ರಿಲ್‌ನಲ್ಲಿ, ತೀರಾ ತಡವಾಗಿ, ಹೆಚ್ಚು ಜನ ಒಪ್ಪಿದರು.

ವಿಜ್ಞಾನ ಓದಿದವನಿಗೆ ಇಲ್ಲೊಂದು ಕುತೂಹಲದ ಸಂಗತಿ ಕಾಣುತ್ತದೆ. ಮಾಂಸ ತಿಂದರೂ ಬಿಳಿ ಹಿಟ್ಟಿನ ಬ್ರೆಡ್ಡನ್ನು ನೆಚ್ಚಿದ ಬ್ರಿಟಿಷ್ ಸೈನಿಕರಿಗೆ ಬೆರಿಬೆರಿ ಬಂತು. ತೌಡು ಸಹಿತವಾದ ಗೋಧಿ ಹಿಟ್ಟು ತಿಂದ ನಮ್ಮವರು ಅದರಿಂದ ಪಾರಾದರು. ಆದರೆ ಮಾಂಸವೂ ತರಕಾರಿಯೂ ಇಲ್ಲದೆ ಅವರ ವಸಡುಗಳಲ್ಲಿ ರಕ್ತ ಒಸರಿ ಸ್ಕರ್ವಿ ಹಿಡಿಯಿತು. ಒಂದೇ ಕೋಟೆ, ಒಂದೇ ಹಸಿವು, ತಟ್ಟೆಗೆ ತಕ್ಕಂತೆ ಎರಡು ರೋಗ! 1916ರ ಏಪ್ರಿಲ್ 29ರಂದು ಶರಣಾದ ಮೇಲೆ ತುರ್ಕರು ಕೊಟ್ಟ ಗಟ್ಟಿ ಬಿಸ್ಕತ್ತನ್ನು ಬಿದ್ದು ತಿಂದು ಹಲವರು ಸತ್ತರು. ಬರಿಹೊಟ್ಟೆಗೆ ಅನ್ನವೂ ವಿಷವಾಗಬಲ್ಲದು.

ಬದುಕಿ ಬಂದವರ ಮನಸ್ಸಿನಲ್ಲಿ ಏನುಳಿಯಿತೆಂದು ಆಗ ಯಾರೂ ಕೇಳಲಿಲ್ಲ. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಅಮೆರಿಕದ ಮಿನೆಸೋಟದಲ್ಲಿ. ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಯುದ್ಧಕ್ಕೆ ಹೋಗಲು ಮನಸ್ಸಾಕ್ಷಿ ಒಪ್ಪದ 36 ಆರೋಗ್ಯವಂತ ಯುವಕರನ್ನು ಅವರ ಒಪ್ಪಿಗೆಯಿಂದಲೇ 24 ವಾರ ಅರೆಹೊಟ್ಟೆಯಲ್ಲಿಟ್ಟರು. ಯುವಕರು ತಟ್ಟೆ ನೆಕ್ಕಿದರು, ಅಡುಗೆ ಪುಸ್ತಕ ಕೂಡಿಟ್ಟರು, ಕನಸಿನಲ್ಲೂ ಊಟವನ್ನೇ ಕಂಡರು. ಬೇಕಾದಷ್ಟು ಊಟ ಸಿಕ್ಕ ಮೇಲೂ ಕೆಲವರು ವಾಂತಿಯಾಗುವವರೆಗೆ ತಿಂದು, ಇನ್ನೂ ಹಸಿವೆಂದರು. ಇವರಲ್ಲಿ ಯಾರೂ ಮೊದಲು ಹೊಟ್ಟೆಬಾಕರಾಗಿರಲಿಲ್ಲ. 1994ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಎರಡನೆಯ ಮಹಾಯುದ್ಧದಲ್ಲಿ ಸೆರೆಯಲ್ಲಿ ಹಸಿದಿದ್ದ ಸೈನಿಕರಲ್ಲಿ, ಸೆರೆ ಸಿಗದೆ ಹೋರಾಡಿದವರಿಗಿಂತ ಮಿತಿಮೀರಿ ತಿನ್ನುವ ಅಭ್ಯಾಸ ಹೆಚ್ಚೆಂದು ತೋರಿಸಿತು. ಅರ್ಧ ಶತಮಾನ ಕಳೆದರೂ ಹೊಟ್ಟೆ ಮರೆತಿರಲಿಲ್ಲ. ಮಿತಿಮೀರಿ ತಿನ್ನುವುದನ್ನು ಅಮೆರಿಕದ ಮನೋವೈದ್ಯರು ಸ್ವತಂತ್ರ ಕಾಯಿಲೆಯೆಂದು ಪಟ್ಟಿಗೆ ಸೇರಿಸಿದ್ದು 2013ರಲ್ಲಿ.

ನಮ್ಮ ಕಾಲದ ಸೈನಿಕನದು ಬೇರೆ ಪಾಡು. ಸಿಯಾಚಿನ್‌ನಲ್ಲಿ ಸಾಮಗ್ರಿ ಇದ್ದರೂ ಹಸಿವೇ ಇರುವುದಿಲ್ಲ. ಆಮ್ಲಜನಕ ಕಡಿಮೆಯಾದಂತೆ ಹಸಿವು ಇಂಗುತ್ತದೆ, ರುಚಿ ಕೆಡುತ್ತದೆ, ಮೈ ಕರಗುತ್ತದೆ. 2016ರ ಫೆಬ್ರುವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯಲ್ಲಿ ಹಿಮದಡಿ ಸಿಲುಕಿದವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದರ ಜೊತೆಗೆ ಹಾಸನದ ಬಳಿಯ ತೇಜೂರಿನ ಸುಬೇದಾರ್ ನಾಗೇಶ್ ಕೂಡ ಇದ್ದರು. ಅಂಥ ಎತ್ತರದಲ್ಲಿ ತಿನ್ನುವುದೂ ಒಂದು ಕರ್ತವ್ಯವೇ. ಯೋಧರಿಗಾಗಿ ಕೆಡದ ಚಪಾತಿ, ದಿಢೀರ್ ಉಪ್ಪಿಟ್ಟಿನಂಥ ತಿನಿಸುಗಳನ್ನು ರೂಪಿಸಿದ್ದು 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ.

ಇನ್ನೊಂದು ಒತ್ತಡ ತಕ್ಕಡಿಯದು. ಸೈನ್ಯದಲ್ಲಿ ವರ್ಷವರ್ಷವೂ ವೈದ್ಯಕೀಯ ಪರೀಕ್ಷೆ. ತೂಕ ಮೀರಿದರೆ ಶ್ರೇಣಿ ಇಳಿದು ಬಡ್ತಿಗೇ ಕುತ್ತು. ತೂಕದ ದಿನಕ್ಕೆ ಮುಂಚೆ ಉಪವಾಸ, ಭೇದಿ ಔಷಧಿ, ವಾಂತಿ ಇವುಗಳಿಗೆ ಇಳಿಯುವವರಿದ್ದಾರೆಂದು ಅಮೆರಿಕದ ಸೈನ್ಯದಲ್ಲಿ ನಡೆದ ಅಧ್ಯಯನಗಳು ಹೇಳುತ್ತವೆ. ಗಂಡಸರಿಗೆ ಇಂಥ ಕಾಯಿಲೆ ಬಾರದೆಂಬ ನಂಬಿಕೆ ವೈದ್ಯರಲ್ಲೂ ಇತ್ತು. ಸೈನಿಕನಂತೂ ಬಾಯಿ ಬಿಡುವವನಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆ 2003ರಿಂದ ನಡೆಯುತ್ತಿದೆ. ರಕ್ತದೊತ್ತಡ, ಸಕ್ಕರೆ ನೋಡಿಸಲು ಅದರ ಚಿಕಿತ್ಸಾಲಯಕ್ಕೆ ಹೋದಾಗ, ಮನೆಯವರು ಊಟದ ವಿಷಯವನ್ನೂ ವೈದ್ಯರ ಕಿವಿಗೆ ಹಾಕಬಹುದು: ಎಷ್ಟು ಬೇಗ ತಿನ್ನುತ್ತಾರೆ, ಕದ್ದು ತಿನ್ನುತ್ತಾರೆಯೇ, ರಾತ್ರಿ ಎದ್ದು ಡಬ್ಬಿ ತೆಗೆಯುತ್ತಾರೆಯೇ ಎಂದು.