ಉರಿಮೂತ್ರದ ಮೂಲವಿಚಾರ

ಸ್ತ್ರೀಯರನ್ನು ಮತ್ತೆ ಮತ್ತೆ ಬಾಧಿಸುವ ಉರಿಮೂತ್ರವನ್ನು 'ಉಷ್ಣ'ವೆಂದು ಕರೆದು, ಎಳನೀರು, ಬಾರ್ಲಿ ನೀರುಗಳಿಂದ ಶಮನಗೊಳಿಸುವುದು ನಮ್ಮಲ್ಲಿ ರೂಢಿ. ಮುನಿರ್ಕಾದಲ್ಲಿ ನೆಲಸಿರುವ ಕನ್ನಡ ಕುಟುಂಬಗಳಿಗೂ ಈ ರೂಢಿ ಊರಿನಿಂದಲೇ ಬಂದುದು. ಬೇನೆ ಮರುಕಳಿಸಿದರೆ ಹೆಂಗಸಿನ ಶುಚಿತ್ವವನ್ನೇ ಶಂಕಿಸುವುದೂ ಉಂಟು. ಈ ಶಂಕೆ ಎಷ್ಟು ಅನ್ಯಾಯವಾದುದೆಂಬುದನ್ನು ವೈದ್ಯವಿಜ್ಞಾನದ ಇತಿಹಾಸವು ತೋರಿಸಿಕೊಡುತ್ತದೆ.

1885ರಲ್ಲಿ ಮ್ಯೂನಿಕ್ ನಗರದ ಥಿಯೋಡೋರ್ ಎಷೆರಿಷ್ ಎಂಬ ಶಿಶುವೈದ್ಯನು ಕೂಸುಗಳ ಮಲದಲ್ಲಿದ್ದ ಒಂದು ಸೂಕ್ಷ್ಮಜೀವಿಯನ್ನು ವರ್ಣಿಸಿದನು. ಮುಂದೆ ಅವನ ಹೆಸರಿನಿಂದಲೇ ಎಷೆರಿಷಿಯಾ ಕೋಲೈ ಎನಿಸಿದ ಈ ಜೀವಿಯೇ ಮೂತ್ರಕೋಶದ ಸೋಂಕುಗಳಲ್ಲಿ ಬಹುಪಾಲಿಗೆ ಕಾರಣ. ಇದರ ತವರು ಕರುಳು. ಸ್ತ್ರೀಯರ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರು ಮಾತ್ರ. ಅದರ ದ್ವಾರವೂ ಗುದಕ್ಕೆ ಸಮೀಪ. ಆದುದರಿಂದ ಕಾರಣವನ್ನು ದೇಹರಚನೆಯಲ್ಲಿ ಅರಸಬೇಕೇ ಹೊರತು ನಡತೆಯಲ್ಲಲ್ಲ.

ಪ್ರತಿಜೀವಕ ಔಷಧವು ಮೂತ್ರಕೋಶವನ್ನು ಶುದ್ಧಗೊಳಿಸಿದರೂ ಕರುಳಿನಲ್ಲಿ ರೋಗಾಣು ಉಳಿಯಬಹುದು. ಅಲ್ಲಿಯ ಹಿತಜೀವಿಗಳು ಮಾತ್ರ ನಾಶವಾಗುತ್ತವೆ. ಬಡ್ಡಿ ತೀರಿತು, ಅಸಲು ಉಳಿಯಿತು! 31 ಮಂದಿ ಸ್ತ್ರೀಯರನ್ನು ಒಂದು ವರ್ಷ ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ಸೋಂಕು ಮರುಕಳಿಸುವವರ ಕರುಳಿನಲ್ಲಿ ಜೀವಿವೈವಿಧ್ಯ ಕಡಮೆಯಿದ್ದುದು ಕಂಡುಬಂದಿತು.

ಕರುಳು ರೋಗಾಣುವಿನ ಭಂಡಾರವೆಂಬುದಕ್ಕೆ ಸಾಕ್ಷ್ಯವೊಂದು ದೆಹಲಿಯ ಹೆಸರಿನಲ್ಲೇ ಉಳಿದಿದೆ. 2007ರ ಕೊನೆಯಲ್ಲಿ ಇಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ಭಾರತೀಯ ಮೂಲದ ರೋಗಿಯೊಬ್ಬನ ಮೂತ್ರದಲ್ಲಿ, ಪ್ರಬಲ ಔಷಧಗಳಿಗೂ ಮಣಿಯದ ಕ್ಲೆಬ್ಸಿಯೆಲ್ಲಾ ಜೀವಿ ದೊರೆಯಿತು. 2009ರಲ್ಲಿ ಅದರ ನಿರೋಧಕ ವಂಶವಾಹಿಗೆ 'ನ್ಯೂ ಡೆಲ್ಲಿ' ಎಂಬ ಹೆಸರಿಟ್ಟರು. ಅದೇ ವಂಶವಾಹಿಯು ಆತನ ಮಲದಲ್ಲಿದ್ದ ಎಷೆರಿಷಿಯಾ ಕೋಲೈಯಲ್ಲಿಯೂ ಇತ್ತು. ಹೆಸರಿನ ಬಗೆಗೆ ನಾವು ಪ್ರತಿಭಟಿಸಿದೆವು; ಅದು ಕಲಿಸಿದ ಪಾಠವನ್ನು ಅಷ್ಟಾಗಿ ಗಮನಿಸಲಿಲ್ಲ.

ಕೊಲ್ಲುವುದರ ಬದಲು ಹಿತಜೀವಿಗಳನ್ನು ಮರಳಿ ನೆಲೆಗೊಳಿಸುವ ಯೋಚನೆ ಹೊಸದಲ್ಲ. 1958ರಲ್ಲಿ ಡೆನ್ವರಿನ ಬೆನ್ ಐಸ್‌ಮನ್ ಮತ್ತು ಸಂಗಡಿಗರು ಕರುಳುಬೇನೆಯ ನಾಲ್ವರಿಗೆ ಆರೋಗ್ಯವಂತರ ಮಲದ ದ್ರಾವಣವನ್ನು ಬಸ್ತಿಯಾಗಿ ಕೊಟ್ಟು ಗುಣಪಡಿಸಿದರು. ಇಂದು ಈ ಕ್ರಮ ಕ್ಲಾಸ್ಟ್ರಿಡಿಯಂ ಡಿಫಿಸಿಲೆ ಎಂಬ ಕರುಳುಸೋಂಕಿಗೆ ಮಾನ್ಯವಾಗಿದೆ. ಉರಿಮೂತ್ರಕ್ಕೆ ಇನ್ನೂ ಸಿದ್ಧಚಿಕಿತ್ಸೆಯೆನಿಸಿಲ್ಲ.

ನಮಗೆ ಸಮೀಪದ ಚಂಡೀಗಢದಲ್ಲಿ 174 ಸ್ತ್ರೀಯರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪರೀಕ್ಷೆಯು ಹೆಚ್ಚು ಉಪಯುಕ್ತ. ನಾಲ್ಕು ತಿಂಗಳಲ್ಲಿ ಸೋಂಕು ಮರಳಿದುದು ಹುಸಿಮದ್ದು ಪಡೆದವರಲ್ಲಿ ಶೇ. 70.4, ಹಿತಜೀವಿಗಳನ್ನು ಬಾಯಿಯಿಂದ ಮಾತ್ರ ಸೇವಿಸಿದವರಲ್ಲಿ ಶೇ. 61.3, ಯೋನಿಮಾರ್ಗದಿಂದ ಪಡೆದವರಲ್ಲಿ ಶೇ. 40.9, ಎರಡನ್ನೂ ಪಡೆದವರಲ್ಲಿ ಶೇ. 31.8. ಮಜ್ಜಿಗೆಯೊಂದೇ ಸಾಕೆಂಬ ನಂಬಿಕೆಗೆ ಇದರಿಂದ ಬೆಂಬಲ ದೊರೆಯದು.

ಹೀಗಿರಲು, ಮನೆಯಲ್ಲಿ ಉಳಿದ ಮಾತ್ರೆಗಳನ್ನು ನುಂಗುವುದನ್ನು ಬಿಟ್ಟು, ಮೂತ್ರವನ್ನು ಪರೀಕ್ಷಿಸಿ ವೈದ್ಯರ ಸಲಹೆ ಪಡೆಯುವುದೇ ವಿವೇಕ. ನೂರಮೂವತ್ತು ವರ್ಷಗಳಿಗೂ ಮಿಗಿಲಾದ ಈ ಇತಿಹಾಸವು ಹೆಣ್ಣಿನ ಮೇಲಿನ ಅಪವಾದವನ್ನು ಅಳಿಸಿಹಾಕಿದೆ. ಅದನ್ನು ನಮ್ಮ ಮನೆಗಳಲ್ಲಿಯೂ ಅಳಿಸುವುದು ಉಳಿದಿದೆ.