ಹಳೇಬೀಡಿನ ಹಾದಿಯ ಪುಟ್ಟ ಕುದುರೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಜಗತಿಯ ಮೇಲೆ ನಿಂತು, ಹೊರಗೋಡೆಯ ಬುಡದಿಂದ ಮೇಲಕ್ಕೆ ದೃಷ್ಟಿಯನ್ನು ಹಾಯಿಸುವ ಯಾತ್ರಿಕನು, ಮೊದಲು ಆನೆಗಳ ಸಾಲನ್ನೂ, ಅದರ ಮೇಲೆ ಸಿಂಹಗಳ ಸಾಲನ್ನೂ, ಅದಕ್ಕೂ ಮೇಲೆ ಬಳ್ಳಿಯ ಸುರುಳಿಯನ್ನೂ ಕಂಡು, ನಾಲ್ಕನೆಯ ಪಟ್ಟಿಕೆಯಲ್ಲಿ ಅಶ್ವಾರೋಹಿಗಳನ್ನು ಸಂಧಿಸುತ್ತಾನೆ. ಕಳೆದ ಶತಮಾನಕ್ಕೂ ಹಿಂದೆ ಈ ಗುಡಿಯನ್ನು ಜಗತ್ತಿಗೆ ಪರಿಚಯಿಸಿದ ಜೇಮ್ಸ್ ಫರ್ಗುಸನ್ ಎಂಬ ವಿದ್ವಾಂಸನು ಆನೆಯ ಪಟ್ಟಿಕೆಯ ಉದ್ದ 710 ಅಡಿಯೆಂದೂ, ಅದರಲ್ಲಿ ಎರಡು ಸಾವಿರಕ್ಕೆ ಕಡಿಮೆಯಿಲ್ಲದ ಆನೆಗಳಿವೆಯೆಂದೂ ಬರೆದುದು ಮೊದಲ್ಗೊಂಡು, ನೋಡುವವರೆಲ್ಲರೂ ಆನೆಗಳನ್ನೇ ಎಣಿಸುತ್ತ ಬಂದಿದ್ದಾರೆ. ಗೇಣೆತ್ತರದ ಆ ಕುದುರೆಗಳ ಮುಂದೆ ನಿಲ್ಲುವವರು ವಿರಳ. ನನಗೆ ಮಾತ್ರ ಬಾಲ್ಯದಿಂದಲೂ ಅವುಗಳಲ್ಲಿಯೇ ಪ್ರೀತಿ. ಸೊಂಟದೆತ್ತರಕ್ಕೂ ಬಾರದ ಕುಬ್ಜಾಶ್ವಗಳನ್ನು ಪುಟ್ಟ ಗಾಡಿಗಳಿಗೆ ಹೂಡಿ, ಸಾರಥ್ಯದ ಸೊಗಸಿಗಾಗಿ ಬಹುಮಾನವನ್ನು ಕೊಡುವ ಸ್ಪರ್ಧೆಗಳು ಪಶ್ಚಿಮದ ದೇಶಗಳಲ್ಲಿ ನಡೆಯುತ್ತವೆಂದು ತಿಳಿದಾಗ ನನ್ನ ಮನಸ್ಸು ಮೊದಲು ಓಡಿದುದು ಈ ಕಲ್ಲಿನ ಸಾಲಿಗೆ. ಆ ಬಳಿಕ, ಈ ಸಾಲನ್ನು ನೋಡಲು ಜನರನ್ನು ಹೊತ್ತು ತಂದ ತಟ್ಟುಗಳಿಗೆ.

ಹೊಯ್ಸಳರ ಕಾಲದಲ್ಲಿ ಕುದುರೆಯೆಂಬುದು ದೂರದಿಂದ ಬಂದ ಬೆಲೆಬಾಳುವ ಸರಕು. ಅರಸೀಕೆರೆಯ ಶಾಸನವೊಂದು, ಕುದುರೆ ಆನೆ ಮುತ್ತುಗಳನ್ನು ಹಡಗುಗಳಲ್ಲಿ ಸಮುದ್ರಮಾರ್ಗವಾಗಿ ತರಿಸಿ ಅರಸರಿಗೆ ಮಾರುತ್ತಿದ್ದ ವರ್ತಕರನ್ನು ಕೊಂಡಾಡುತ್ತದೆ. ಶಾಸನತಜ್ಞ ಬಿ. ಎಲ್. ರೈಸ್ ಸಾಹೇಬರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ತಿರುವಿದವರಿಗೆ, ಇಂದು ತೆಂಗಿಗೂ ಕೊಬ್ಬರಿಗೂ ಹೆಸರಾದ ಈ ಊರು ಒಮ್ಮೆ ಎಂತಹ ವಾಣಿಜ್ಯವನ್ನು ಕಂಡಿತ್ತೆಂಬುದು ವೇದ್ಯವಾಗುತ್ತದೆ. ಹೀಗೆ ಬಂದ ಜಾತ್ಯಶ್ವಗಳಿಗೆ ದಕ್ಷಿಣದ ಹವೆಯೂ ಮೇವೂ ಒಗ್ಗುತ್ತಿರಲಿಲ್ಲ. ಪಾಂಡ್ಯದೇಶದಲ್ಲಿ ಅವುಗಳಿಗೆ ಬೇಯಿಸಿದ ಅನ್ನಮಾಂಸಗಳನ್ನು ತಿನ್ನಿಸಿ, ಆರೈಕೆ ಬಲ್ಲವರಿಲ್ಲದೆ ಸಾಯಗೊಡುತ್ತಿದ್ದರೆಂದು ಮಾರ್ಕೊ ಪೋಲೊ ವ್ಯಥೆಯಿಂದ ಬರೆದಿದ್ದಾನೆ. ಸತ್ತುದಕ್ಕೆ ಬದಲಾಗಿ ಮತ್ತೆ ಹಡಗು ಬರಬೇಕು, ಮತ್ತೆ ಬೊಕ್ಕಸ ಕರಗಬೇಕು. 1311ರಲ್ಲಿ ದಿಲ್ಲಿಯ ಸೇನಾನಿ ಮಲ್ಲಿಕಾಫರನ ಸೈನ್ಯ ದೋರಸಮುದ್ರದ, ಎಂದರೆ ಇಂದಿನ ಹಳೇಬೀಡಿನ, ಬಾಗಿಲಿಗೆ ಬಂದು ಹೊಯ್ಸಳ ದೊರೆ ಮೂರನೆಯ ಬಲ್ಲಾಳನಿಂದ ಕಪ್ಪವನ್ನು ಕಸಿದಾಗ, ಐಶ್ವರ್ಯದೊಡನೆ ಆನೆಕುದುರೆಗಳೂ ಹೋದುವು.

ಅರಸನ ಕುದುರೆ ಹೋಯಿತು. ಊರಿನ ತಟ್ಟು ಉಳಿಯಿತು. ಗಿಡ್ಡವಾದ ಮೈ, ಬಿರುಸಾದ ಗೊರಸು, ಒಣಹುಲ್ಲನ್ನೂ ಗರಿಕೆಯನ್ನೂ ತಿಂದು ಬದುಕುವ ತಾಳ್ಮೆ ಇವೇ ಅದರ ಕುಲಗುಣ. ಶಾಸನವು ಅದನ್ನು ಹೊಗಳಲಿಲ್ಲ, ಶಿಲ್ಪಿಯು ಅದನ್ನು ಕೊರೆಯಲಿಲ್ಲ. ಸಂತೆಯ ಸರಕನ್ನು ಬೆನ್ನ ಮೇಲೆ ಹೇರಿಕೊಂಡು ಅದು ಶತಮಾನಗಳನ್ನು ದಾಟಿತು.

ಆದರೆ ಕುದುರೆಯ ಯೋಗ್ಯತೆಯನ್ನು ಗಾತ್ರದಿಂದ ಅಳೆಯಬಾರದೆಂಬ ವಿವೇಕ ನಮ್ಮ ಕಥೆಗಳಲ್ಲಿ ಇಲ್ಲದಿಲ್ಲ. ಕನಕದಾಸರ ನಳಚರಿತ್ರೆಯಿಂದ ಕನ್ನಡದ ಮನೆಮನೆಗೂ ಪರಿಚಿತನಾದ ನಳನನ್ನು ನೆನೆಯಬೇಕು. ರೂಪಗೆಟ್ಟು ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಸಾರಥಿಯಾಗಿದ್ದ ಅವನು, ಒಂದೇ ದಿನದಲ್ಲಿ ಅಯೋಧ್ಯೆಯಿಂದ ವಿದರ್ಭವನ್ನು ಮುಟ್ಟಬೇಕಾಗಿ ಬಂದಾಗ, ಲಾಯದಲ್ಲಿ ಕೊಬ್ಬಿನಿಂದ ಮೆರೆಯುತ್ತಿದ್ದ ತುರಗಗಳನ್ನೆಲ್ಲ ಬಿಟ್ಟು ಬಡಕಲು ಕುದುರೆಗಳನ್ನು ಆರಿಸಿ ತಂದನೆಂದೂ, ಅರಸನು ಅವನ್ನು ಕಂಡು ಕೋಪಿಸಿದನೆಂದೂ, ಹೂಡಿದ ಮೇಲೆ ಅವು ಗಾಳಿಯಂತೆ ಹೋದುವೆಂದೂ ಮಹಾಭಾರತವು ಹೇಳುತ್ತದೆ. ಅಲ್ಲಿ ಪ್ರಧಾನವಾದುದು ಅಶ್ವಹೃದಯವನ್ನು ಅರಿತ ಕೈ. ಅಮರಕೋಶವನ್ನು ಬಾಯಿಪಾಠ ಮಾಡಿದ ಹುಡುಗರೆಲ್ಲರೂ ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತಗಳೆಂಬ ಐದು ಗತಿಗಳ ಹೆಸರನ್ನು ಒಪ್ಪಿಸುತ್ತಿದ್ದರು. ಅಚ್ಚಗನ್ನಡದಲ್ಲಿ ಕುಕ್ಕುಲೋಟ, ನಾಗಾಲೋಟಗಳೆಂಬ ಮಾತುಗಳಿದ್ದುವು. ಅರಸೀಕೆರೆಯ ಬಳಿಯ ಬಾಣಾವರದಿಂದ ಬಹುದೂರವಲ್ಲದ ದೇವನೂರು, ಧರ್ಮರಾಯನ ಯಜ್ಞಾಶ್ವದ ಹಿಂದೆ ಕನ್ನಡ ಕಾವ್ಯವನ್ನು ನಡೆಸಿದ ಲಕ್ಷ್ಮೀಶನ ಊರೆಂದು ಪ್ರಸಿದ್ಧವಾಗಿರುವುದನ್ನೂ ಇಲ್ಲಿ ಸ್ಮರಿಸುವುದು ನನಗೆ ಸಂತೋಷದ ವಿಷಯ.

ತಟ್ಟಿಗೆ ಭಾಗ್ಯೋದಯವಾದುದು ರೈಲು ಬಂದ ಮೇಲೆ. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆಗಳ ಮೂಲಕ ಹರಿಹರದವರೆಗಿನ ಮಾರ್ಗವು 1889ರ ವೇಳೆಗೆ ಸಿದ್ಧವಾಯಿತು; ಮುಂದೆ ಹಾಸನದ ಕಡೆಗಿನ ಕವಲು ಕೂಡಿ ಅರಸೀಕೆರೆ ಜಂಕ್ಷನ್ ಎನಿಸಿತು. ಆದರೆ ರೈಲು ಬೇಲೂರಿಗೂ ಹೋಗಲಿಲ್ಲ, ಹಳೇಬೀಡಿಗೂ ಹೋಗಲಿಲ್ಲ. ಬಾಣಾವರದ ನಿಲ್ದಾಣದಲ್ಲಿ ಇಳಿದವನಿಗೆ ಹಳೇಬೀಡು ಇನ್ನೂ ಸುಮಾರು 18 ಮೈಲಿ. ಅಲ್ಲಿಂದ ಬೇಲೂರು ಮತ್ತೆ ಹತ್ತು ಮೈಲಿ. ಈ ಅಂತರವನ್ನು ತುಂಬಿದುವು ಎತ್ತಿನ ಬಂಡಿ ಮತ್ತು ಜಟಕಾ ಗಾಡಿ. ಜಟಕಾ ಎಂಬುದು ಶೀಘ್ರವೆಂಬ ಅರ್ಥದ ದಖನಿ ಮಾತಿನಿಂದ ಹುಟ್ಟಿದ ಹೆಸರು. ಎರಡು ಗಾಲಿ, ಕಮಾನಿನ ಮುಚ್ಚಳ, ಒಂದೇ ತಟ್ಟು. ನಡೆಸುವವರು ಬಹುಮಟ್ಟಿಗೆ ಮುಸಲ್ಮಾನರಾಗಿದ್ದುದರಿಂದ ಜನ ಅವರನ್ನು ‘ಸಾಹೇಬರೇ’ ಎಂದೇ ಕರೆಯುತ್ತಿದ್ದರು.

ಜಟಕಾ ಹೊಡೆಯುವುದು ಸುಲಭವೆಂದು ಬಗೆದವರು ಅದರ ರಚನೆಯನ್ನು ಗಮನಿಸಿದವರಲ್ಲ. ಎರಡೇ ಗಾಲಿಯ ಗಾಡಿಯಲ್ಲಿ ಭಾರವೆಲ್ಲ ಅಚ್ಚಿನ ಮೇಲೆ ತೂಗಿ ನಿಲ್ಲಬೇಕು. ಕುಳಿತವರು ಹಿಂದಕ್ಕೆ ಸರಿದರೆ ಮೂಕಿ ಮೇಲೆದ್ದು ಹೊಟ್ಟೆಪಟ್ಟಿ ಕುದುರೆಯನ್ನು ಎತ್ತತೊಡಗುತ್ತದೆ. ಮುಂದಕ್ಕೆ ಬಾಗಿದರೆ ಹೊರೆಯೆಲ್ಲ ಅದರ ಬೆನ್ನಿಗೆ. ಆದುದರಿಂದಲೇ ಸಾಹೇಬರು ಏರು ಬಂದಾಗ ‘ಸ್ವಲ್ಪ ಮುಂದಕ್ಕೆ ಬನ್ನಿ ಸ್ವಾಮಿ’ ಎಂದೂ, ಇಳಿಜಾರು ಬಂದಾಗ ‘ಹಿಂದಕ್ಕೆ ಸರೀರಿ ತಾಯಿ’ ಎಂದೂ ದಾರಿಯುದ್ದಕ್ಕೂ ಹೇಳುತ್ತಿದ್ದರು. ಕೂರುವ ಹಲಗೆಯ ಮೇಲೆ ಹರಡಿದ ಹುಲ್ಲು ಪ್ರಯಾಣಿಕನಿಗೆ ಮೆತ್ತೆ, ಕುದುರೆಗೆ ಬುತ್ತಿ. ನೆನೆಸಿದ ಹುರುಳಿ ಚೀಲದಲ್ಲಿ. ನೀರು ಹಾದಿಯ ಕೆರೆಯಲ್ಲಿ. ಕಣ್ಣುಪಟ್ಟಿ ಕಟ್ಟಿದ ತಟ್ಟಿಗೆ ಹಿಂದಿನ ಜಗತ್ತೆಲ್ಲ ಎರಡು ಎಳೆ ವಾಘೆಯ ಮೂಲಕವೇ ತಿಳಿಯಬೇಕು. ಕಡಿವಾಣವನ್ನು ಬಲವಾಗಿ ಜಗ್ಗುವವನ ಕುದುರೆಯ ಬಾಯಿ ಕಾಲಕ್ರಮದಲ್ಲಿ ಜಡವಾಗಿ, ಏನು ಮಾಡಿದರೂ ಮಾತು ಕೇಳದಂತಾಗುತ್ತದೆ. ಬೆರಳಿನ ಇಂಗಿತದಿಂದ ತಿರುಗಿಸುವವನ ಕುದುರೆ ಮುದಿತನದಲ್ಲಿಯೂ ಮೃದುವಾಗಿ ಒಪ್ಪುತ್ತದೆ. ಈ ವಿದ್ಯೆಗೆ ಶಾಲೆಯಿರಲಿಲ್ಲ. ನಿಲ್ದಾಣದ ಅಂಗಳವೇ ಅದರ ರಂಗಸ್ಥಳ: ಗಾಡಿಗೆ ಗಾಡಿ ತಗುಲದಂತೆ ಹಿಂದೆ ಸರಿಸುವುದು, ಇಂಜಿನಿನ ಸಿಳ್ಳಿಗೆ ಬೆದರದಂತೆ ನಿಲ್ಲಿಸುವುದು, ಮುದುಕಿಯೊಬ್ಬಳು ಹತ್ತಿ ಕುಳಿತಳೆಂದು ತಿಳಿದ ಮೇಲೆಯೇ ಹೊರಡಿಸುವುದು.

ಪಶ್ಚಿಮದ ಸ್ಪರ್ಧೆಗಳ ನಿಯಮಗಳನ್ನು ಓದಿದಾಗ ನನಗೆ ವಿಸ್ಮಯವಾದುದು ಇಲ್ಲಿಯೇ. 1978ರಲ್ಲಿ ಸ್ಥಾಪಿತವಾದ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ ಎಂಬ ಸಂಸ್ಥೆ, ಕತ್ತಿನ ಕೂದಲು ಮುಗಿಯುವೆಡೆಯಲ್ಲಿ ಅಳೆದಾಗ 34 ಇಂಚು ಮೀರದ ಕುದುರೆಯನ್ನು ಮಾತ್ರ ಕುಬ್ಜಾಶ್ವವೆಂದು ಅಂಗೀಕರಿಸುತ್ತದೆ. ಅಂಕಣದಲ್ಲಿ ಅದು ನಾಗಾಲೋಟದಿಂದ ಓಡಬೇಕಾಗಿಲ್ಲ. ನಡಿಗೆ, ಹದವಾದ ಕುಕ್ಕುಲೋಟ, ಅಲುಗದೆ ನಿಲ್ಲುವುದು, ಹೇಳಿದೊಡನೆ ಹಿಂದಕ್ಕೆ ಹೆಜ್ಜೆಯಿಡುವುದು, ಇವಿಷ್ಟನ್ನೇ ತೀರ್ಪುಗಾರರು ಕೇಳುತ್ತಾರೆ. ಬ್ರಿಟನ್ನಿನ ರಾಜಕುಮಾರ ಫಿಲಿಪ್ ಅವರು ಅಂತರರಾಷ್ಟ್ರೀಯ ಅಶ್ವಕ್ರೀಡಾ ಸಂಸ್ಥೆಯ ಅಧ್ಯಕ್ಷರಾಗಿದ್ದಾಗ ರೂಪುಗೊಂಡ ತ್ರಿವಿಧ ಸಾರಥ್ಯಸ್ಪರ್ಧೆಯಲ್ಲಿ ಗತಿಪ್ರದರ್ಶನ, ದೀರ್ಘಪ್ರಯಾಣಗಳ ಬಳಿಕ, ತುದಿಯಲ್ಲಿ ಚೆಂಡನ್ನಿಟ್ಟ ಶಂಕುಗಳ ನಡುವೆ ಚೆಂಡು ಬೀಳದಂತೆ ಗಾಡಿಯನ್ನು ನುಸುಳಿಸಬೇಕು. ನಿಲ್ದಾಣದ ಅಂಗಳದಲ್ಲಿ ದಿನವೂ ಆಗುತ್ತಿದ್ದ ಪರೀಕ್ಷೆಯಲ್ಲವೇ ಇದು? ಆ ಪುಟ್ಟ ಕುದುರೆಗಳ ವಂಶದಲ್ಲಿಯೂ ವಿಲಾಸಕ್ಕಿಂತ ದುಡಿಮೆಯೇ ಹೆಚ್ಚು: ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ಗಣಿಯೊಳಕ್ಕೆ ಇಳಿಸಬಾರದೆಂದು 1842ರಲ್ಲಿ ಬ್ರಿಟನ್ನಿನಲ್ಲಿ ಕಾನೂನಾದ ಮೇಲೆ, ಕಲ್ಲಿದ್ದಲಿನ ತೊಟ್ಟಿಗಳನ್ನು ಕತ್ತಲೆಯ ಸುರಂಗಗಳಲ್ಲಿ ಎಳೆದ ಶೆಟ್ಲೆಂಡ್ ದ್ವೀಪದ ತಟ್ಟುಗಳು ಅವುಗಳ ಪೂರ್ವಜರಲ್ಲಿ ಸೇರಿವೆ.

ನಮ್ಮಲ್ಲಿ ಸ್ಪರ್ಧೆಯೆಂಬುದು ಬೇರೊಂದು ರೂಪವನ್ನು ತಳೆಯಿತು. ಬೆಳಗಾವಿಯ ಸೀಮೆಯ ಜಾತ್ರೆಗಳಲ್ಲಿ ಕುದುರೆಗಾಡಿಯ ಶರ್ಯತ್ತುಗಳು ಪ್ರಸಿದ್ಧ. ಅಲ್ಲಿ ಗೆಲವು ವೇಗಕ್ಕೆ, ಮತ್ತು ವೇಗವು ಬಹುಪಾಲು ಚಾವಟಿಗೆ ಅಧೀನವೆಂಬುದು ನನಗೆ ಖೇದಕರವಾಗಿ ತೋರುತ್ತದೆ. ಮೈಸೂರಿನ ದಸರೆಯಲ್ಲಿ ಸಾಂಪ್ರದಾಯಿಕ ಉಡುಗೆ ತೊಟ್ಟ ದಂಪತಿಗಳನ್ನು ಟಾಂಗಾಗಳಲ್ಲಿ ಕೂರಿಸಿ ಪಾರಂಪರಿಕ ಕಟ್ಟಡಗಳನ್ನು ತೋರಿಸುವ ಪರಿಪಾಠವು ಗಾಡಿಯನ್ನು ಗೌರವಿಸುತ್ತದೆ. ನಡೆಸುವವನ ಕೈಗೆ ಬಹುಮಾನವನ್ನಿಡುವ ಏರ್ಪಾಡು ಅಲ್ಲಿಯೂ ಬಂದರೆ ಒಳ್ಳೆಯದೆಂದು ನನ್ನ ಆಸೆ.

ಬಸ್ಸುಗಳು ಬಂದು ಹಾದಿಗಳನ್ನು ಹಂಚಿಕೊಂಡುವು. ಜಟಕಾಗಳು ನಿಲ್ಲುತ್ತಿದ್ದ ಜಾಗಗಳಲ್ಲಿ ಆಟೋಗಳು ನಿಂತುವು. ಲಾಳ ಕಟ್ಟುವವರು ಎತ್ತುಗಳನ್ನು ನೆಚ್ಚಿಕೊಂಡರು, ಆಮೇಲೆ ಅವೂ ವಿರಳವಾದುವು. ಹಿಂದಿನ ಸಲ ಹಳೇಬೀಡಿಗೆ ಹೋದಾಗ, ಸಂಜೆಯ ಬಿಸಿಲು ಪಡುವಣದ ಗೋಡೆಗೆ ಓರೆಯಾಗಿ ಬೀಳುವ ಹೊತ್ತಿನಲ್ಲಿ, ನಾಲ್ಕನೆಯ ಪಟ್ಟಿಕೆಯ ಮುಂದೆ ಬಹಳ ಹೊತ್ತು ಕುಳಿತಿದ್ದೆ. ಸವಾರರ ಮುಖಗಳನ್ನಲ್ಲ, ಅವರ ಎಡಗೈಗಳನ್ನೇ ಒಂದೊಂದಾಗಿ ನೋಡುತ್ತ ಹೋದೆ. ಯಾರ ವಾಘೆ ಬಿಗಿಯಾಗಿದೆ, ಯಾರದು ಸಡಿಲವಾಗಿದೆಯೆಂದು ಕಲ್ಲಿನಲ್ಲಿ ಹುಡುಕುತ್ತಿದ್ದಾಗ ಕಾವಲುಗಾರನು ಬಂದು ಬಾಗಿಲು ಹಾಕುವ ಹೊತ್ತಾಯಿತೆಂದನು.